ಹನ್ನೊಂದು ಸಾಲು, ಅರ್ಧ ಸೆಕೆಂಡು, ಎಂಬತ್ತೈದು ಲಕ್ಷ ಕಂಪ್ಯೂಟರು

2024ರ ಜುಲೈ 19, ಶುಕ್ರವಾರ. ಭಾರತದ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ 39 ನಿಮಿಷ. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಭದ್ರತಾ ಕಂಪನಿ ತನ್ನ ಗ್ರಾಹಕರ ವಿಂಡೋಸ್ ಕಂಪ್ಯೂಟರುಗಳಿಗೆ ಒಂದು ಪುಟ್ಟ ಕಡತ ಕಳಿಸಿತು. ತಪ್ಪು ಗೊತ್ತಾಗಿ ಅದನ್ನು ಹಿಂತೆಗೆದುಕೊಂಡಾಗ 10 ಗಂಟೆ 57 ನಿಮಿಷ. ನಡುವೆ ಕಳೆದದ್ದು 78 ನಿಮಿಷ. ಅಷ್ಟರಲ್ಲಿ ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಕಂಪ್ಯೂಟರುಗಳ ಪರದೆ ನೀಲಿಯಾಗಿ ನಿಂತಿತ್ತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಪೆನ್ನು ಹಿಡಿದು ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಅಮೆರಿಕದ ಡೆಲ್ಟಾ ವಿಮಾನ ಸಂಸ್ಥೆ ಐದು ದಿನಗಳಲ್ಲಿ ಸುಮಾರು 7,000 ಹಾರಾಟಗಳನ್ನು ರದ್ದು ಮಾಡಿತು. ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿದವು.

ಇದಕ್ಕೆಲ್ಲ ಕಾರಣವಾದ ಸಂಖ್ಯೆ ಯಾವುದು ಗೊತ್ತೇ? 20 ಮತ್ತು 21ರ ನಡುವಿನ ವ್ಯತ್ಯಾಸ. ಕಡತವನ್ನು ಓದುವ ಪ್ರೋಗ್ರಾಮಿಗೆ 20 ಮೌಲ್ಯಗಳನ್ನು ಮಾತ್ರ ಒದಗಿಸಲಾಗಿತ್ತು. ಹೊಸ ಕಡತ 21ನೆಯದನ್ನು ಕೇಳಿತು. ಇಲ್ಲದ ಜಾಗಕ್ಕೆ ಕೈಹಾಕಿದ ಪ್ರೋಗ್ರಾಂ ಕುಸಿಯಿತು. ಅದು ಕೆಲಸ ಮಾಡುವುದು ವಿಂಡೋಸಿನ ಒಳಗರ್ಭದಲ್ಲಿ, ಕರ್ನೆಲ್‌ನಲ್ಲಿ. ಹಾಗಾಗಿ ಬೀಳುವಾಗ ಇಡೀ ಯಂತ್ರವನ್ನೇ ಎಳೆದುಕೊಂಡು ಬಿತ್ತು. ಯಂತ್ರ ಮತ್ತೆ ಶುರುವಾದಾಗ ಅದೇ ಕಡತ, ಅದೇ ಕುಸಿತ.

ದುರಸ್ತಿಯ ಲೆಕ್ಕ ಇನ್ನೂ ದಿಗಿಲು ಹುಟ್ಟಿಸುವಂಥದ್ದು. ಕೆಟ್ಟ ಕಡತವನ್ನು ಕಳಿಸಲು ಒಂದು ಗುಂಡಿ ಸಾಕಿತ್ತು. ಆದರೆ ಬಿದ್ದುಹೋದ ಕಂಪ್ಯೂಟರಿಗೆ ಇಂಟರ್ನೆಟ್ ಮೂಲಕ ಮದ್ದು ಕಳಿಸುವುದು ಬಹಳಷ್ಟು ಕಡೆ ಆಗಲಿಲ್ಲ. ಯಾರಾದರೂ ಒಬ್ಬರು ಅದರ ಮುಂದೆ ಹೋಗಿ ಕೂತು, ಸೇಫ್ ಮೋಡ್‌ನಲ್ಲಿ ಎಬ್ಬಿಸಿ, ಆ ಕಡತವನ್ನು ಹುಡುಕಿ ಅಳಿಸಬೇಕಿತ್ತು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಮೊದಲು 48 ಅಂಕಿಗಳ ಕೀಲಿಸಂಖ್ಯೆಯನ್ನು ಒಂದೊಂದಾಗಿ ಒತ್ತಬೇಕು. ಒಂದು ಯಂತ್ರಕ್ಕೆ ಬರೀ ಹತ್ತು ನಿಮಿಷ ಹಿಡಿಯಿತು ಎಂದುಕೊಳ್ಳಿ. 85 ಲಕ್ಷ ಯಂತ್ರಗಳಿಗೆ ಎಂಟೂವರೆ ಕೋಟಿ ನಿಮಿಷ. ಒಬ್ಬನೇ ಮನುಷ್ಯ ಊಟ ನಿದ್ದೆ ಬಿಟ್ಟು ಕೂತರೆ 160 ವರ್ಷದ ಕೆಲಸ. 78 ನಿಮಿಷದ ತಪ್ಪಿಗೆ 160 ವರ್ಷದ ದುಡಿಮೆ! ಆ ದುಡಿಮೆಯನ್ನು ಊರೂರಿನ ಐಟಿ ಸಪೋರ್ಟ್ ಹುಡುಗ ಹುಡುಗಿಯರು ಹಂಚಿಕೊಂಡು, ಶನಿವಾರ ಭಾನುವಾರ ಎನ್ನದೆ ಮಾಡಿ ಮುಗಿಸಿದರು. ಅವರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಆ ದಿನ ಪ್ರೋಗ್ರಾಮರುಗಳ ನಡುವೆ ಓಡಾಡಿದ ಮಾತು ಒಂದೇ: ಶುಕ್ರವಾರ ಪ್ರೊಡಕ್ಷನ್, ಅಂದರೆ ಜನ ಬಳಸುತ್ತಿರುವ ವ್ಯವಸ್ಥೆಯನ್ನು, ಮುಟ್ಟಬಾರದು. ಹೊರಗಿನವರಿಗೆ ಇದು ಚಟಾಕಿಯಂತೆ ಕೇಳಿಸುತ್ತದೆ. ನನಗೆ ಇದರಲ್ಲಿ ಕಾಣುವುದು ಕಸುಬಿನ ಅನುಭವ. ಬದಲಾವಣೆ ಎಷ್ಟೇ ಚಿಕ್ಕದಿರಲಿ, ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಬರೆದವನಿಗೂ ಪೂರ್ತಿ ಗೊತ್ತಿರುವುದಿಲ್ಲ. ಕೆಟ್ಟರೆ ಸರಿಮಾಡುವ ಕೈಗಳು ಆಫೀಸಿನಲ್ಲಿ ಇರುವ ಹೊತ್ತಿಗೆ ಮಾಡು ಎಂದು ಆ ಮಾತು ಹೇಳುತ್ತದೆ. ತಂತ್ರಜ್ಞಾನದ ಸುದ್ದಿ ಬಂದಾಗಲೆಲ್ಲ ಈ ಕಸುಬಿನವರು ಒಂದು ಬಗೆಯ ಒಣನಗೆ ನಗುತ್ತಾರೆ. ಆ ನಗೆಯ ಹಿಂದಿರುವ ಸಂಖ್ಯೆಗಳನ್ನು ಒಮ್ಮೆ ಲೆಕ್ಕ ಹಾಕಿ ನೋಡಿದರೆ ಉಸಿರು ನಿಂತಂತಾಗುತ್ತದೆ.

2025ರ ಅಕ್ಟೋಬರ್ 20ನ್ನು ತೆಗೆದುಕೊಳ್ಳಿ. ನಮ್ಮಲ್ಲಿ ನರಕ ಚತುರ್ದಶಿ. ಎಣ್ಣೆಸ್ನಾನ ಮುಗಿದು ಊಟಕ್ಕೆ ಏಳುವ ಹೊತ್ತು, ಮಧ್ಯಾಹ್ನ 12 ಗಂಟೆ 18 ನಿಮಿಷಕ್ಕೆ, ಅಮೆಜಾನಿನ ವರ್ಜೀನಿಯಾ ಕ್ಲೌಡ್ ಕೇಂದ್ರಗಳಲ್ಲಿ ಒಂದು ವಿಳಾಸ ಖಾಲಿಯಾಯಿತು. ಡೈನಮೋಡಿಬಿ ಎಂಬ ದತ್ತಾಂಶ ಸೇವೆ ಎಲ್ಲಿದೆ ಎಂದು ಬೇರೆ ಪ್ರೋಗ್ರಾಮುಗಳಿಗೆ ಹೇಳುವ ಡಿಎನ್‌ಎಸ್ ದಾಖಲೆ ಅದು. ಅದನ್ನು ನೋಡಿಕೊಳ್ಳಲು ಸ್ವಯಂಚಾಲಿತ ಕೆಲಸಗಾರ ಪ್ರೋಗ್ರಾಮುಗಳಿದ್ದವು. ಒಂದು ಅಸಹಜವಾಗಿ ನಿಧಾನವಾಗಿ, ಹಳೆಯ ಯೋಜನೆಯನ್ನು ಹೊಸದರ ಮೇಲೆ ಹಾಕಿತು. ಅದೇ ಗಳಿಗೆಯಲ್ಲಿ ಇನ್ನೊಂದು ಹಳೆಯ ಯೋಜನೆಗಳನ್ನೆಲ್ಲ ಗುಡಿಸಿ ಹಾಕಿತು. ಉಳಿದದ್ದು ಶೂನ್ಯ. ಸೇವೆಗಳೆಲ್ಲ ಸಹಜಸ್ಥಿತಿಗೆ ಬರಲು ಸುಮಾರು ಹದಿನಾಲ್ಕೂವರೆ ಗಂಟೆ ಹಿಡಿಯಿತು. ಅಮೆರಿಕದಲ್ಲಿ ಇಂಟರ್ನೆಟ್ಟಿಗೆ ಕೂಡಿಸಿದ ಹಾಸಿಗೆಗಳು ಸಹ ಬಿಸಿ ತಗ್ಗಿಸಲಾಗದೆ ಸಿಕ್ಕಿಕೊಂಡವು. ಹಬ್ಬದ ದಿನ ಆನ್‌ಕಾಲ್, ಅಂದರೆ ತುರ್ತು ಕರೆಗೆ ಓಗೊಡುವ, ಸರದಿ ಬಿದ್ದವರು ಮೊದಲು ಹೇಳಿದ್ದು ಆ ಕಸುಬಿನ ಹಳೆಯ ಮಾತನ್ನೇ: ಯಾವಾಗಲೂ ಡಿಎನ್‌ಎಸ್ಸೇ. ಕಾರಣ ಹೊರಬಿದ್ದಾಗ ಆ ಮಾತು ಅಕ್ಷರಶಃ ನಿಜವಾಗಿತ್ತು.

ಅದಾದ ಒಂಬತ್ತನೆಯ ದಿನ, ಅಕ್ಟೋಬರ್ 29ರಂದು, ಚಿಪ್ ತಯಾರಿಸುವ ಎನ್‌ವಿಡಿಯಾ ಕಂಪನಿಯ ಷೇರುಗಳ ಒಟ್ಟು ಮೌಲ್ಯ 5 ಲಕ್ಷ ಕೋಟಿ ಡಾಲರ್ ದಾಟಿತು. ಜಗತ್ತಿನ ಇತಿಹಾಸದಲ್ಲಿ ಯಾವ ಕಂಪನಿಯೂ ಮುಟ್ಟದಿದ್ದ ಎತ್ತರ. ನಮ್ಮ ರೂಪಾಯಿಯಲ್ಲಿ 440 ಲಕ್ಷ ಕೋಟಿಯ ಆಸುಪಾಸು, ಅಂದರೆ ಭಾರತದ ಎಲ್ಲರೂ ಸೇರಿ ಒಂದು ವರ್ಷ ದುಡಿದು ಹುಟ್ಟಿಸುವ ಉತ್ಪನ್ನಕ್ಕಿಂತ ಹೆಚ್ಚು. ಪತ್ರಿಕೆಗಳ ಮುಖಪುಟಕ್ಕೆ ಈ ಬಗೆಯ ದೊಡ್ಡ ಸಂಖ್ಯೆ ಬೇಕು. ನನ್ನನ್ನು ಹಿಡಿದು ನಿಲ್ಲಿಸುವುದು ಚಿಕ್ಕ ಸಂಖ್ಯೆಗಳು.

ಉದಾಹರಣೆಗೆ, ಹನ್ನೊಂದು. 2016ರ ಮಾರ್ಚ್ 22ರಂದು ಜಗತ್ತಿನ ಎಷ್ಟೋ ಕಂಪನಿಗಳ ಸಾಫ್ಟ್‌ವೇರ್ ಕಟ್ಟುವ ಕೆಲಸ ಇದ್ದಕ್ಕಿದ್ದಂತೆ ನಿಂತಿತು. ಕಾಣೆಯಾಗಿದ್ದುದು ಲೆಫ್ಟ್‌ಪ್ಯಾಡ್ ಎಂಬ ಹನ್ನೊಂದು ಸಾಲಿನ ಕೋಡ್. ಅದು ಮಾಡುತ್ತಿದ್ದುದಾದರೂ ಏನು? ಒಂದು ಪದದ ಅಥವಾ ಅಂಕಿಯ ಎಡಗಡೆಗೆ ಬೇಕಾದಷ್ಟು ಸೊನ್ನೆಯನ್ನೋ ಖಾಲಿ ಜಾಗವನ್ನೋ ಸೇರಿಸುವುದು. 7 ಕೊಟ್ಟರೆ 007 ಮಾಡುವುದು. ಜಾವಾಸ್ಕ್ರಿಪ್ಟ್ ಬರೆಯುವವರು ಇಂಥ ಸಿದ್ಧ ತುಣುಕುಗಳನ್ನು ಎನ್‌ಪಿಎಂ ಎಂಬ ಉಗ್ರಾಣದಿಂದ ತರಿಸಿಕೊಳ್ಳುತ್ತಾರೆ. ಲೆಫ್ಟ್‌ಪ್ಯಾಡ್ ಬರೆದ ಅಜರ್ ಕೊಚುಲು ಅವರ ಇನ್ನೊಂದು ಯೋಜನೆಗೆ ಕಿಕ್ ಎಂಬ ಹೆಸರಿತ್ತು. ಅದೇ ಹೆಸರಿನ ಕಂಪನಿಯೊಂದು ತಕರಾರು ತೆಗೆಯಿತು. ಎನ್‌ಪಿಎಂ ಆ ಕಂಪನಿಯ ಪರ ನಿಂತಿತು. ಕೊಚುಲು ತಮ್ಮ 250ಕ್ಕೂ ಹೆಚ್ಚು ತುಣುಕುಗಳನ್ನು ಉಗ್ರಾಣದಿಂದ ವಾಪಸ್ ತೆಗೆದುಕೊಂಡರು. ಲೆಫ್ಟ್‌ಪ್ಯಾಡನ್ನು ನೇರವಾಗಿ ಬಳಸಿದವರು ಕಡಿಮೆ. ಆದರೆ ಅದನ್ನು ನೆಚ್ಚಿಕೊಂಡದ್ದನ್ನು ನೆಚ್ಚಿಕೊಂಡದ್ದು ಎಂದು ಸರಪಳಿ ಹಿಡಿದು ಮೇಲೆ ಹೋದರೆ ಬೇಬಲ್, ರಿಯಾಕ್ಟ್‌ನಂಥ ಜಾವಾಸ್ಕ್ರಿಪ್ಟಿನ ಹೆಮ್ಮರಗಳೇ ಅದರ ಮೇಲೆ ನಿಂತಿದ್ದವು. ಸುಮಾರು ಎರಡು ಗಂಟೆಯ ಗಲಿಬಿಲಿಯ ಬಳಿಕ ಎನ್‌ಪಿಎಂ ಹಿಂದೆಂದೂ ಇಡದ ಹೆಜ್ಜೆಯಿಟ್ಟು ಆ ಹನ್ನೊಂದು ಸಾಲುಗಳನ್ನು ಮತ್ತೆ ಇಟ್ಟಿತು. ಸೊನ್ನೆ ಸೇರಿಸುವ ಕೋಡನ್ನು ನಾವೇ ಬರೆಯಲು ಮರೆತೆವೇ ಎಂದು ಪ್ರೋಗ್ರಾಮರುಗಳು ಒಬ್ಬರನ್ನೊಬ್ಬರು ಕೇಳಿಕೊಂಡರು. ಆ ಪ್ರಶ್ನೆ ಇವತ್ತಿಗೂ ಬಗೆಹರಿದಿಲ್ಲ.

ಇದನ್ನೇ 2020ರಲ್ಲಿ ವ್ಯಂಗ್ಯಚಿತ್ರಕಾರ ರಾಂಡಲ್ ಮನ್ರೋ ತಮ್ಮ ಎಕ್ಸ್‌ಕೆಸಿಡಿ ಸರಣಿಯಲ್ಲಿ ಒಂದು ಚಿತ್ರವಾಗಿಸಿದರು. ಒಂದರ ಮೇಲೊಂದು ಪೇರಿಸಿದ ಕಲ್ಲುಗಳ ಎತ್ತರದ ಗೋಪುರ, ಅದು ನಮ್ಮ ಆಧುನಿಕ ಡಿಜಿಟಲ್ ವ್ಯವಸ್ಥೆ. ಕೆಳಗೆ ಒಂದು ಪಕ್ಕದಲ್ಲಿ ಕಡ್ಡಿಯಂಥ ಒಂದು ತುಂಡು. ಇಡೀ ಭಾರ ಅದರ ಮೇಲೆ. ಅದು ನೆಬ್ರಾಸ್ಕಾದಲ್ಲಿರುವ ಯಾರೋ ಒಬ್ಬರು 2003ರಿಂದ ಯಾರ ಕೃತಜ್ಞತೆಯೂ ಇಲ್ಲದೆ ನೋಡಿಕೊಂಡು ಬಂದ ಸಾಫ್ಟ್‌ವೇರ್. ಎಲ್ಲಿ ಸರ್ವರ್ ಮಲಗಿದರೂ ಪ್ರೋಗ್ರಾಮರುಗಳು ಒಬ್ಬರಿಗೊಬ್ಬರು ಈ ಚಿತ್ರ ಕಳಿಸಿಕೊಳ್ಳುತ್ತಾರೆ. ನೋಡಿ ನಗುತ್ತಾರೆ. ಆದರೆ ಮನ್ರೋ ಇದರಲ್ಲಿ ಉತ್ಪ್ರೇಕ್ಷೆ ಮಾಡಿದ್ದಾರೆಂದು ನನಗೆ ಅನಿಸಿಲ್ಲ. ಆ ಕಡ್ಡಿಗಳಿಗೆ ನಿಜವಾದ ಹೆಸರುಗಳಿವೆ.

ಓಪನ್‌ಎಸ್‌ಎಸ್‌ಎಲ್ ಅಂಥದ್ದೊಂದು. ಬ್ಯಾಂಕಿನ ಪಾಸ್‌ವರ್ಡು ಹೊಡೆಯುವಾಗ ಅನೇಕ ಬ್ರೌಸರುಗಳಲ್ಲಿ ವಿಳಾಸದ ಪಕ್ಕ ಬೀಗದ ಚಿತ್ರ ಕಾಣುತ್ತದಲ್ಲ, ಆ ಗೂಢಲಿಪಿಯ ಕೆಲಸವನ್ನು ಜಗತ್ತಿನ ಅಸಂಖ್ಯ ಸರ್ವರುಗಳಲ್ಲಿ ಮಾಡುವುದು ಇದೇ. 2011ರ ಡಿಸೆಂಬರ್ 31ರ ರಾತ್ರಿ, ಹೊಸ ವರ್ಷಕ್ಕೆ ಸುಮಾರು ಒಂದು ಗಂಟೆ ಇರುವಾಗ, ಅದರ ಕೋಡಿಗೆ ಒಂದು ಬದಲಾವಣೆ ಸೇರಿತು. ಬಂದ ಸಂದೇಶದ ಉದ್ದವನ್ನು ಪರೀಕ್ಷಿಸುವ ಒಂದು ತಪಾಸಣೆ ಅದರಲ್ಲಿ ತಪ್ಪಿಹೋಗಿತ್ತು. ಪರಿಣಾಮವಾಗಿ ಹೊರಗಿನವರು ಯಾರು ಕೇಳಿದರೂ ಸರ್ವರ್ ತನ್ನ ನೆನಪಿನಿಂದ 64 ಕಿಲೋಬೈಟ್‌ನಷ್ಟು ಗುಟ್ಟನ್ನು ತೆಗೆದುಕೊಡುತ್ತಿತ್ತು, ಎಷ್ಟು ಸಲ ಕೇಳಿದರೆ ಅಷ್ಟು ಸಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಇದು ಯಾರ ಕಣ್ಣಿಗೂ ಬೀಳಲಿಲ್ಲ. 2014ರ ಏಪ್ರಿಲ್ 7ರಂದು ಹಾರ್ಟ್‌ಬ್ಲೀಡ್ ಎಂಬ ಹೆಸರಿನಲ್ಲಿ ಅದು ಬಯಲಾದಾಗ ಸುಮಾರು 5 ಲಕ್ಷ ಸರ್ವರುಗಳು ಬಾಗಿಲು ತೆರೆದುಕೊಂಡಿದ್ದವು.

ಈಗ ಅದರ ಹಿಂದಿದ್ದ ಸಂಖ್ಯೆ ಕೇಳಿ. ಅದನ್ನೇ ಪೂರ್ಣಾವಧಿ ಕೆಲಸ ಮಾಡಿಕೊಂಡಿದ್ದವರು ಒಬ್ಬರು. ದೇಣಿಗೆಯಾಗಿ ವರ್ಷಕ್ಕೆ ಬರುತ್ತಿದ್ದುದು ಸುಮಾರು 2,000 ಡಾಲರ್. ಆಗಿನ ದರದಲ್ಲಿ ತಿಂಗಳಿಗೆ ಹತ್ತು ಸಾವಿರ ರೂಪಾಯಿ. ಜಗತ್ತಿನ ಬ್ಯಾಂಕು, ಅಂಗಡಿ, ಸರ್ಕಾರಗಳ ಗುಟ್ಟನ್ನೆಲ್ಲ ಕಾಯುವ ಬೀಗಕ್ಕೆ ಜಗತ್ತು ಸಲ್ಲಿಸುತ್ತಿದ್ದ ಕಾಣಿಕೆ ಇಷ್ಟು. ಉಳಿದ ಖರ್ಚನ್ನು ಅವರು ಸಲಹಾ ಕೆಲಸ ಮಾಡಿ ತೂಗಿಸಬೇಕಿತ್ತು. ಅವಘಡದ ಬಳಿಕ ದೊಡ್ಡ ಕಂಪನಿಗಳು ಲಿನಕ್ಸ್ ಫೌಂಡೇಶನ್ ಮೂಲಕ ಒಂದು ನಿಧಿಗೆ ಹಣ ಹಾಕಿದವು. ಅದಕ್ಕೆ ಮುಂಚೆ ಯಾಕೆ ಹಾಕಲಿಲ್ಲ ಎಂಬ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ.

ಕರ್ಲ್ ಇನ್ನೊಂದು ಕಡ್ಡಿ. ಒಂದು ಯಂತ್ರದಿಂದ ಇನ್ನೊಂದಕ್ಕೆ ಇಂಟರ್ನೆಟ್ಟಿನ ಮೂಲಕ ಮಾಹಿತಿ ಸಾಗಿಸುವ ಪ್ರೋಗ್ರಾಂ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1990ರ ದಶಕದ ನಡುವಿನಿಂದ ಅದನ್ನು ಬೆಳೆಸುತ್ತ ಬಂದಿದ್ದಾರೆ. ಈಗಿನ ಹೆಸರು ಬಂದದ್ದು 1998ರಲ್ಲಿ. ಫೋನು, ಟಿವಿ, ಕಾರು, ಪ್ರಿಂಟರು, ಆಟದ ಯಂತ್ರ ಎಲ್ಲೆಲ್ಲೂ ಅದಿದೆ. ಒಟ್ಟು 2,000 ಕೋಟಿಗೂ ಹೆಚ್ಚು ಕಡೆ ಇದೆಯೆಂದು ಸ್ಟೆನ್‌ಬರ್ಗ್ ಅಂದಾಜು ಮಾಡಿದ್ದಾರೆ. ಭೂಮಿಯ ಮೇಲಿನ ಪ್ರತಿ ಮನುಷ್ಯನಿಗೆ, ಹಸುಗೂಸೂ ಸೇರಿ, ತಲಾ ಎರಡಕ್ಕಿಂತ ಹೆಚ್ಚಾಯಿತು. 2021ರ ಏಪ್ರಿಲ್‌ನಲ್ಲಿ ಇಂಜೆನ್ಯುಯಿಟಿ ಹೆಲಿಕಾಪ್ಟರ್ ಮಂಗಳನ ಮೇಲೆ ಹಾರಿದಾಗ ಅದರ ತಂತ್ರಾಂಶದಲ್ಲಿ ನೆರವಾದ ಓಪನ್ ಸೋರ್ಸ್ (ಯಾರು ಬೇಕಾದರೂ ಬಳಸಿ ತಿದ್ದಬಹುದಾದ) ಯೋಜನೆಗಳನ್ನು ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್ ಗುರುತಿಸಿ, ಅವುಗಳಿಗೆ ಕೋಡ್ ಬರೆದ ಸುಮಾರು 12,000 ಜನರಿಗೆ ಗೌರವದ ಗುರುತು ಕೊಟ್ಟಿತು. ಕರ್ಲ್ ಅವುಗಳಲ್ಲೊಂದು. ಎಂದೋ ಒಂದು ರಾತ್ರಿ ಮನೆಯಲ್ಲಿ ಕೂತು ತಾನು ತಿದ್ದಿದ ಸಾಲು ಇನ್ನೊಂದು ಗ್ರಹದ ಕೆಲಸಕ್ಕೆ ನೆರವಾಯಿತೆಂದು ಅವರಲ್ಲಿ ಬಹುಮಂದಿಗೆ ತಿಳಿದದ್ದೇ ಆಗ. ಈ ಸಂಗತಿ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇಂಥ ಸ್ಟೆನ್‌ಬರ್ಗ್‌ಗೆ 2022ರ ಜನವರಿಯಲ್ಲಿ ಅಮೆರಿಕದ ಅತಿ ದೊಡ್ಡ 500 ಕಂಪನಿಗಳಲ್ಲೊಂದು ಪತ್ರ ಬರೆಯಿತು. ಲಾಗ್4ಜೆ ಎಂಬ ಬೇರೆಯದೇ ಸಾಫ್ಟ್‌ವೇರಿನಲ್ಲಿ ಆಗಷ್ಟೇ ಭಾರಿ ಲೋಪ ಬಯಲಾಗಿತ್ತು. ಅಪಾಯವನ್ನು ಅಳೆಯುವ ಮಾಪನದಲ್ಲಿ ಅದಕ್ಕೆ ಹತ್ತಕ್ಕೆ ಹತ್ತು ಅಂಕ. ನಿಮ್ಮಿಂದ ನಮಗೆ ಏನಾದರೂ ತೊಂದರೆ ಇದೆಯೇ, 24 ಗಂಟೆಯೊಳಗೆ ಉತ್ತರಿಸಿ ಎಂದು ಆ ಪತ್ರ ಅಪ್ಪಣೆ ಮಾಡಿತ್ತು. ಆ ಕಂಪನಿ ಅವರಿಗೆ ಎಂದೂ ಒಂದು ಪೈಸೆ ಕೊಟ್ಟದ್ದಿಲ್ಲ. ಸಹಾಯದ ಒಪ್ಪಂದಕ್ಕೆ ಸಹಿ ಮಾಡಿದರೆ ಸಂತೋಷದಿಂದ ಉತ್ತರಿಸುತ್ತೇನೆ ಎಂದು ಅವರು ಬರೆದರು. ಅದನ್ನು ಓದಿ ಜಗತ್ತಿನ ಪ್ರೋಗ್ರಾಮರುಗಳು ನಕ್ಕ ನಗೆಯಲ್ಲಿ ಬಹಳ ವರ್ಷಗಳ ಬೇಗುದಿ ಇತ್ತು.

ಈಚೆಗೆ ಅವರ ಹೊರೆ ಬೇರೆ ರೂಪದಲ್ಲಿ ಬೆಳೆದಿದೆ. ಕರ್ಲ್‌ನಲ್ಲಿ ಭದ್ರತಾ ಲೋಪ ಹುಡುಕಿಕೊಟ್ಟವರಿಗೆ ಬಹುಮಾನ ಕೊಡುವ ಏರ್ಪಾಟು ಇತ್ತು. ಎಐ ಬಂದ ಮೇಲೆ ಕೋಡನ್ನು ಓದದೆಯೇ, ಚಾಟ್‌ಬಾಟ್ ಬರೆದುಕೊಟ್ಟ ಉದ್ದುದ್ದ ವರದಿಗಳನ್ನು ಕಳಿಸುವವರು ಹೆಚ್ಚಿದರು. ಇಲ್ಲದ ಫಂಕ್ಷನ್ನುಗಳ ಹೆಸರು, ನಡೆಯದ ದಾಳಿಯ ವಿವರಣೆ. 2025ರಲ್ಲಿ ಬಂದ ವರದಿಗಳಲ್ಲಿ ನಿಜವಾದ ಲೋಪ ತೋರಿಸಿದ್ದು ನೂರಕ್ಕೆ ಐದರಷ್ಟು. ವರದಿ ಹುಟ್ಟಿಸಲು ಒಂದು ನಿಮಿಷ ಸಾಕು. ಅದು ಸುಳ್ಳೆಂದು ಖಚಿತಪಡಿಸಿಕೊಳ್ಳಲು ತಿಳಿದವರೊಬ್ಬರು ಗಂಟೆಗಟ್ಟಲೆ ಕೂರಬೇಕು. ಕೊನೆಗೆ 2026ರ ಜನವರಿಯ ಅಂತ್ಯಕ್ಕೆ ಬಹುಮಾನವನ್ನೇ ನಿಲ್ಲಿಸಿದರು. ಕೋಡ್ ಬಲ್ಲವರು ಎಐ ಉಪಕರಣಗಳನ್ನು ಕಾಳಜಿಯಿಂದ ಬಳಸಿ ಅದೇ ಕರ್ಲ್‌ನಲ್ಲಿ ಹತ್ತಾರು ನಿಜವಾದ ತಪ್ಪುಗಳನ್ನು ತೋರಿಸಿಕೊಟ್ಟದ್ದೂ ಉಂಟು. ಅಂಥವರನ್ನು ಸ್ಟೆನ್‌ಬರ್ಗ್ ಬಾಯ್ತುಂಬ ಹೊಗಳಿದರು.

ಎಲ್ಲವೂ ಕಡ್ಡಿಯಂತೆ ನಡುಗುತ್ತಿಲ್ಲ ಎಂಬುದನ್ನೂ ಹೇಳಬೇಕು. ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಇದೆ. ನಿಮ್ಮ ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಮಾತುಕತೆಗಳೆಲ್ಲ ಕೂತಿರುವುದು ಅದರಲ್ಲೇ. ಬಳಕೆಯಲ್ಲಿರುವ ಎಸ್‌ಕ್ಯೂಲೈಟ್ ಡೇಟಾಬೇಸುಗಳು ಒಂದು ಲಕ್ಷ ಕೋಟಿಗೂ ಹೆಚ್ಚಿರಬಹುದೆಂದು ಅದನ್ನು ಕಟ್ಟಿದವರು ಹೇಳುತ್ತಾರೆ. ಕಟ್ಟಿದವರು ಎಷ್ಟು ಜನ? ಮೂವರು. ಮುಂದಾಳು ರಿಚರ್ಡ್ ಹಿಪ್ 2000ದಲ್ಲಿ ಅಮೆರಿಕದ ಯುದ್ಧನೌಕೆಯೊಂದರ ತಂತ್ರಾಂಶಕ್ಕೆ ದುಡಿಯುತ್ತಿದ್ದಾಗ ಇದನ್ನು ಶುರುಮಾಡಿದರು. ಮೂಲ ಕೋಡ್ ಒಂದೂವರೆ ಲಕ್ಷ ಸಾಲುಗಳಿಗೆ ತುಸು ಹೆಚ್ಚು. ಅದು ಸರಿಯಿದೆಯೇ ಎಂದು ಪರೀಕ್ಷಿಸಲು ಬರೆದ ಕೋಡ್ 9 ಕೋಟಿ 20 ಲಕ್ಷ ಸಾಲು, ಮೂಲದ 590 ಪಟ್ಟು! 2050ರವರೆಗೆ ಇದನ್ನು ನೋಡಿಕೊಳ್ಳುತ್ತೇವೆಂದು ಆ ಮೂವರು ಮಾತು ಕೊಟ್ಟಿದ್ದಾರೆ. ಇದರ ಬಗ್ಗೆ ಪ್ರೋಗ್ರಾಮರುಗಳು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದೇ ಕಡಿಮೆ.

ಕಾಲವಲಯಗಳ ದತ್ತಾಂಶವೂ ಹಾಗೆಯೇ. ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ಫೋನುಗಳೂ ಈಗ ಗಂಟೆ ಎಷ್ಟೆಂದು ತೋರಿಸುವಾಗ ಏಷ್ಯಾ ಕೋಲ್ಕತಾ ಎಂಬ ಒಂದು ದಾಖಲೆಯನ್ನು ನೋಡುತ್ತವೆ. ಜಗತ್ತಿನ ಅಂಥ ದಾಖಲೆಗಳನ್ನೆಲ್ಲ ಕೂಡಿಸಿ ಇಡುವ ಹೊಣೆ ಬಹಳ ವರ್ಷಗಳಿಂದ ಕ್ಯಾಲಿಫೋರ್ನಿಯಾದ ಪಾಲ್ ಎಗರ್ಟ್ ಅವರದು. 2023ರ ಮಾರ್ಚ್‌ನಲ್ಲಿ ಲೆಬನಾನ್ ಸರ್ಕಾರ ಬೇಸಿಗೆಯ ಗಡಿಯಾರ ಬದಲಿಸುವ ದಿನವನ್ನು ಕೊನೆ ಗಳಿಗೆಯಲ್ಲಿ ಮುಂದೂಡಿತು, ಗಲಾಟೆಯಾದ ಮೇಲೆ ಮನಸ್ಸು ಬದಲಿಸಿತು. ಅದೊಂದು ವಾರದಲ್ಲಿ ಆ ದತ್ತಾಂಶದ ಮೂರು ಆವೃತ್ತಿಗಳು ಹೊರಬಂದವು.

ಇನ್ನು ಅರ್ಧ ಸೆಕೆಂಡಿನ ಕತೆ. ಎಕ್ಸ್‌ಜೆಡ್ ಎಂಬುದು ಕಡತಗಳನ್ನು ಒತ್ತಿ ಕುಗ್ಗಿಸುವ ಪ್ರೋಗ್ರಾಂ. ಬಹುಪಾಲು ಲಿನಕ್ಸ್ ಯಂತ್ರಗಳಲ್ಲಿ ಇರುತ್ತದೆ. ಫಿನ್ಲೆಂಡಿನ ಲಾಸೆ ಕಾಲಿನ್ ಅದನ್ನು ವರ್ಷಗಟ್ಟಲೆ ಸಂಬಳವಿಲ್ಲದೆ ನೋಡಿಕೊಂಡಿದ್ದರು. 2021ರಲ್ಲಿ ಜಿಯಾ ತಾನ್ ಎಂಬ ಹೆಸರಿನವರೊಬ್ಬರು ನೆರವಿಗೆ ಬಂದರು. 2022ರಲ್ಲಿ ಬೇರೆ ಬೇರೆ ಹೆಸರುಗಳಿಂದ, ಒಂದು ಜಿಗರ್ ಕುಮಾರ್ ಎಂದೂ ಇತ್ತು, ಕಾಲಿನ್ ಅವರ ಮೇಲೆ ಒತ್ತಡದ ಪತ್ರಗಳು ಬರತೊಡಗಿದವು: ಕೆಲಸ ನಿಧಾನವಾಗಿದೆ, ಬೇರೆಯವರಿಗೆ ವಹಿಸಿ ಎಂದು. ಇವೆಲ್ಲ ಒಂದೇ ಸಂಚಿನ ಹುಸಿ ಹೆಸರುಗಳೆಂದು ತನಿಖೆ ಮಾಡಿದವರು ನಂಬಿದ್ದಾರೆ. ತನಗೆ ಬಹುಕಾಲದ ಮಾನಸಿಕ ತೊಂದರೆ ಇದೆ, ಇದು ದುಡ್ಡಿಲ್ಲದ ಹವ್ಯಾಸದ ಕೆಲಸ ಎಂಬುದನ್ನು ಮರೆಯಬೇಡಿ ಎಂಬರ್ಥದಲ್ಲಿ ಕಾಲಿನ್ ಉತ್ತರಿಸಿದ್ದರು. ಆ ಉತ್ತರವನ್ನು ಓದಿದರೆ ಈಗಲೂ ಸಂಕಟವಾಗುತ್ತದೆ. ನಿಧಾನವಾಗಿ ಕೀಲಿಕೈ ಜಿಯಾ ತಾನ್ ಕೈಗೆ ಹೋಯಿತು. 2024ರ ಫೆಬ್ರವರಿ 24ರಂದು ಬಂದ 5.6.0 ಆವೃತ್ತಿಯಲ್ಲಿ, ಪರೀಕ್ಷೆಗೆಂದು ಇಡುವ ಕಡತಗಳ ಒಳಗೆ ಒಂದು ಕಳ್ಳಬಾಗಿಲು ಅಡಗಿತ್ತು. ಅದು ಎಲ್ಲೆಡೆ ಹರಡಿದ್ದರೆ, ದೂರದಿಂದ ಲಕ್ಷಾಂತರ ಸರ್ವರುಗಳ ಒಳಗೆ ನುಗ್ಗುವ ದಾರಿ ಒಬ್ಬರ ಕೈಯಲ್ಲಿ ಇರುತ್ತಿತ್ತು.

ಎರಡು ವರ್ಷಕ್ಕೂ ಮಿಕ್ಕಿದ ತಾಳ್ಮೆಯ ಈ ಸಂಚು ಬಯಲಾದದ್ದು 34 ದಿನಗಳಲ್ಲಿ. ಯಾವ ಗುಪ್ತಚರ ಸಂಸ್ಥೆಯೂ ಹಿಡಿದದ್ದಲ್ಲ. ಆಂಡ್ರೆಸ್ ಫ್ರಾಯ್ಂಡ್ ಎಂಬ ಮೈಕ್ರೋಸಾಫ್ಟ್ ಎಂಜಿನಿಯರ್ ಪೋಸ್ಟ್‌ಗ್ರೆಸ್ ಡೇಟಾಬೇಸಿನ ವೇಗ ಅಳೆಯುತ್ತಿದ್ದರು. ಯಂತ್ರಕ್ಕೆ ಲಾಗಿನ್ ಆಗಲು ಮೊದಲು 0.299 ಸೆಕೆಂಡು ಹಿಡಿಯುತ್ತಿದ್ದುದು 0.807 ಆಗಿತ್ತು. ನಾವು ನೀವು ರೆಪ್ಪೆ ಬಡಿದು ಮುಂದೆ ಹೋಗುವಷ್ಟು ವ್ಯತ್ಯಾಸ. ಅವರು ಹೋಗಲಿಲ್ಲ. ಅರ್ಧ ಸೆಕೆಂಡು ಎಲ್ಲಿ ಹೋಯಿತು ಎಂದು ಬೆನ್ನು ಹತ್ತಿ, ಮಾರ್ಚ್ 29ರಂದು ಜಗತ್ತಿಗೆ ಎಚ್ಚರಿಕೆ ಕೊಟ್ಟರು. ಆಗಿನ್ನೂ ಅದು ಫೆಡೋರಾ, ಡೆಬಿಯನ್ ಮೊದಲಾದ ಲಿನಕ್ಸ್ ವ್ಯವಸ್ಥೆಗಳ ಪ್ರಾಯೋಗಿಕ ಆವೃತ್ತಿಗಳನ್ನೇ ಹೆಚ್ಚಾಗಿ ಮುಟ್ಟಿತ್ತು. ಮೇ ತಿಂಗಳ ಕೊನೆಗೆ ಕಳ್ಳಬಾಗಿಲನ್ನು ಕಿತ್ತುಹಾಕಿದ 5.6.2 ಆವೃತ್ತಿ ಬಂತು. ಅದನ್ನು ಹೊರತಂದವರು ಲಾಸೆ ಕಾಲಿನ್ ಅವರೇ.

ಹೀಗೆ ಬಿಟ್ಟಿಯಾಗಿ ಸಿಗುವ ಈ ಕೋಡಿನ ಬೆಲೆಯೆಷ್ಟು? ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಸಂಶೋಧಕರು 2024ರಲ್ಲಿ ಲೆಕ್ಕ ಹಾಕಿದ್ದಾರೆ. ಜಗತ್ತು ಹೆಚ್ಚಾಗಿ ಬಳಸುವ ಓಪನ್ ಸೋರ್ಸ್ ಸಾಫ್ಟ್‌ವೇರನ್ನು ಹೊಸದಾಗಿ ಒಂದು ಸಲ ಬರೆಸಲು 415 ಕೋಟಿ ಡಾಲರ್ ಸಾಕು. ಅದು ಇಲ್ಲದೆ ಪ್ರತಿ ಕಂಪನಿಯೂ ತನ್ನದನ್ನು ತಾನೇ ಬರೆಸಿಕೊಳ್ಳಬೇಕಾದರೆ 8.8 ಲಕ್ಷ ಕೋಟಿ ಡಾಲರ್ ಬೇಕು. ಈ ಮೌಲ್ಯದ ಶೇ 96ರಷ್ಟನ್ನು ಹುಟ್ಟಿಸಿದವರು ಆ ಡೆವಲಪರುಗಳಲ್ಲಿ ಶೇ 5 ಮಂದಿ. ಎನ್‌ವಿಡಿಯಾದ ಐದು ಲಕ್ಷ ಕೋಟಿಯನ್ನು ಮುಖಪುಟದಲ್ಲಿ ಹಾಕಿದವರು ಇದನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಬೇಕಿತ್ತು.

ಇಂಥ ಕೋಡಿಗೆ ಬೆಲೆ ಕೊಡುವ ಪ್ರಯತ್ನವೂ ನಡೆದಿದೆ. ಬೆಂಗಳೂರಿನ ಜೆರೋಧಾ ಕಂಪನಿ 2024ರ ಅಕ್ಟೋಬರ್‌ನಲ್ಲಿ ಫ್ಲಾಸ್ ಫಂಡ್ ಎಂಬ ನಿಧಿ ಘೋಷಿಸಿತು. ಜಗತ್ತಿನ ಯಾವ ಮೂಲೆಯ ಓಪನ್ ಸೋರ್ಸ್ ಯೋಜನೆಗಾದರೂ ಸರಿ, ವರ್ಷಕ್ಕೆ ಒಟ್ಟು 10 ಲಕ್ಷ ಡಾಲರ್. ಕೇಳುವವರು ತಮಗೆ ಎಷ್ಟು ಬೇಕು, ಯಾವುದಕ್ಕೆ ಬೇಕು ಎಂದು ಬರೆದ ಒಂದು ಪುಟ್ಟ ಕಡತವನ್ನು ತಮ್ಮ ಯೋಜನೆಯ ಜೊತೆ ಇಟ್ಟು ಅರ್ಜಿ ಹಾಕಿದರಾಯಿತು. ಒಂದು ಯೋಜನೆಗೆ ಕನಿಷ್ಠ 10,000, ಗರಿಷ್ಠ 1 ಲಕ್ಷ ಡಾಲರ್. ಆ ಗರಿಷ್ಠ ಮೊತ್ತ, ಹಾರ್ಟ್‌ಬ್ಲೀಡ್ ಕಾಲದಲ್ಲಿ ಓಪನ್‌ಎಸ್‌ಎಸ್‌ಎಲ್‌ಗೆ ಬರುತ್ತಿದ್ದ ದೇಣಿಗೆಯ ಲೆಕ್ಕದಲ್ಲಿ, ಐವತ್ತು ವರ್ಷದ್ದು.